ಸ್ಟ್ರಾಸ್‌ಬರ್ಗಿನ ಪಾರ್ಲಿಮೆಂಟರಿ ಅಸೆಂಬ್ಲಿ ರಿವ್ಯೂ: ದೊಡ್ಡ ಕುಳಗಳು ದುಡ್ಡು ನಿಲ್ಸಿದಾಗ ಲೆಕ್ಕ ಹೇಗೆ ಹಾಕಿದ್ರು

ಜರ್ಮನಿ, ಬ್ರಿಟನ್, ಸ್ವೀಡನ್ ಅಂತ ಯುರೋಪಲ್ಲಿ ಕೆಲಸ ಮಾಡ್ತಾ ತೆರಿಗೆ ಕಟ್ಟೋ ಕನ್ನಡದವರು ಈಗ ತುಂಬಾ ಜನ ಇದೀವಿ, ಆದ್ರೆ ನಾವು ಕಟ್ಟೋ ದುಡ್ಡಲ್ಲಿ ಒಂದು ಚೂರು ಫ್ರಾನ್ಸಿನ ಸ್ಟ್ರಾಸ್‌ಬರ್ಗಲ್ಲಿರೋ ಕೌನ್ಸಿಲ್ ಆಫ್ ಯುರೋಪ್ ಅನ್ನೋ ಮಾನವ ಹಕ್ಕುಗಳ ಸಂಸ್ಥೆಗೆ ಹೋಗತ್ತೆ ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಆ ಸಂಸ್ಥೆಯ ಪಾರ್ಲಿಮೆಂಟರಿ ಅಸೆಂಬ್ಲಿ ಬಗ್ಗೆನೇ ಈ ರಿವ್ಯೂ. ನಮ್ಮ ದುಡ್ಡಲ್ಲಿ ನಡೆಯೋ ಸೇವೆ ಅಂದ್ಮೇಲೆ ಅದು ಚೆನ್ನಾಗಿ ನಡೀತಿದ್ಯಾ, ದುಡ್ಡು ಕಡಿಮೆ ಆದಾಗ ಅವರು ಏನು ಉಳಿಸ್ಕೊಂಡ್ರು ಏನು ಬಿಟ್ಟುಕೊಟ್ರು ಅಂತ ಕೇಳೋ ಹಕ್ಕು ನಮಗಿದೆ ಅಂತ ನಾನು ನಂಬ್ತೀನಿ, ಅದಕ್ಕೇ ಅವರ ಬಜೆಟ್ ಕಾಗದ ಪತ್ರಗಳನ್ನೆಲ್ಲ ಕೂತು ಓದ್ದೆ.

ಮೊದಲು ಒಂದು ಗೊಂದಲ ಕ್ಲಿಯರ್ ಮಾಡ್ಬಿಡ್ತೀನಿ. ಸ್ಟ್ರಾಸ್‌ಬರ್ಗ್ ಅಂದ ತಕ್ಷಣ ಎಲ್ಲರೂ ಯುರೋಪಿಯನ್ ಪಾರ್ಲಿಮೆಂಟ್ ಅಂತಾರೆ, ಅದು ಯುರೋಪಿಯನ್ ಯೂನಿಯನ್ನಿಂದು, ಗಾಜಿನ ದೊಡ್ಡ ಬಿಲ್ಡಿಂಗು, ಅದರ ಒಂದು ವರ್ಷದ ಬಜೆಟ್ಟೇ 200 ಕೋಟಿ ಯೂರೋ ದಾಟತ್ತೆ. ನಾನು ಹೇಳ್ತಿರೋದು ಪಕ್ಕದಲ್ಲಿರೋ ಪ್ಯಾಲೆ ದ ಲ್ಯೂರೋಪ್, 1977ರಲ್ಲಿ ಉದ್ಘಾಟನೆ ಆಗಿರೋ ಕೆಂಪು ಬಣ್ಣದ ಕಟ್ಟಡ. 1949ರಲ್ಲಿ ಲಂಡನ್ನಲ್ಲಿ ಸಹಿ ಆದ ಒಪ್ಪಂದದಿಂದ ಹುಟ್ಟಿದ ಸಂಸ್ಥೆ ಇದು, ಈಗ 46 ದೇಶ ಸದಸ್ಯರು, ಅದರಲ್ಲಿ ಬ್ರಿಟನ್ ಇದೆ, ಟರ್ಕಿ ಇದೆ, ಉಕ್ರೇನ್ ಇದೆ, ಸ್ವಿಟ್ಜರ್ಲೆಂಡೂ ಇದೆ. ಬ್ರೆಕ್ಸಿಟ್ ಆದ್ಮೇಲೂ ಬ್ರಿಟನ್ ಇಲ್ಲಿಂದ ಹೊರಗೆ ಹೋಗಿಲ್ಲ, ಯಾಕಂದ್ರೆ ಎರಡೂ ಬೇರೆ ಬೇರೆ ಸಂಸ್ಥೆ.

ನೋಡಕ್ಕೆ ಹೋಗೋರಿಗೆ ಬೇಗ ಹೇಳ್ಬಿಡ್ತೀನಿ. ಜರ್ಮನಿ ಕಡೆಯಿಂದ ಬರೋರು ಗಡಿಯ ಕೇಲ್ (Kehl) ಊರಲ್ಲಿ ಇಳಿದು ಡಿ ಟ್ರ್ಯಾಮ್ ಹತ್ತಿದ್ರೆ ರೈನ್ ನದಿ ದಾಟಿ ಸ್ಟ್ರಾಸ್‌ಬರ್ಗ್ ಒಳಗೇ ಬಂದ್ಬಿಡಬಹುದು, ಆಮೇಲೆ ಇ ಟ್ರ್ಯಾಮಲ್ಲಿ ದ್ರ್ವಾ ದ ಲೊಮ್ ಸ್ಟಾಪ್, ಅಲ್ಲಿಂದ ನಡ್ಕೊಂಡು ಹೋಗೋ ದೂರ. ಮುಂಚೆನೇ ಬುಕ್ ಮಾಡ್ಕೊಂಡು ಐಡಿ ಕಾರ್ಡ್ ತಗೊಂಡು ಹೋಗಿ, ದುಡ್ಡೇನೂ ಕೊಡ್ಬೇಕಿಲ್ಲ. ಹೋಗಕ್ಕಾಗ್ದೇ ಇರೋರು ಮನೇಲೇ ಕೂತು ಅವರ ವೆಬ್‌ಸೈಟಲ್ಲಿ ಸಭೆನ ಲೈವ್ ನೋಡಬಹುದು, ಯಾರು ಏನು ಮಾತಾಡಿದ್ರು ಅನ್ನೋ ದಾಖಲೆನೂ ಹಾಕ್ತಾರೆ, ಯಾರು ಯಾವ ಕಡೆ ಓಟ್ ಹಾಕಿದ್ರು ಅನ್ನೋದೂ ಹೆಸರು ಸಮೇತ ಸಿಗತ್ತೆ. ಈ ಒಂದು ವಿಷಯಕ್ಕೆ ನಾನು ಕಣ್ಣು ಮುಚ್ಕೊಂಡು ಫುಲ್ ಮಾರ್ಕ್ಸ್ ಕೊಡ್ತೀನಿ.

ಈಗ ಮುಖ್ಯ ವಿಷಯ, ದುಡ್ಡು. ಈ ಅಸೆಂಬ್ಲಿಲಿ 306 ಜನ ಸದಸ್ಯರು, ಅಷ್ಟೇ ಜನ ಬದಲಿ ಸದಸ್ಯರು, ಎಲ್ಲರೂ ಅವರವರ ದೇಶದ ಪಾರ್ಲಿಮೆಂಟಿಂದ ಬರೋರು, ವರ್ಷಕ್ಕೆ ನಾಲ್ಕು ಸಲ ಸೇರ್ತಾರೆ. ಇವರ ಪ್ರಯಾಣ, ಹೋಟೆಲ್ ಖರ್ಚನ್ನ ಕೌನ್ಸಿಲ್ ಕೊಡಲ್ಲ, ಅದನ್ನ ಅವರವರ ದೇಶನೇ ನೋಡ್ಕೋಬೇಕು ಅಂತ ಸಂಸ್ಥೆಯ ಮೂಲ ಕಾನೂನಿನ 38ನೇ ವಿಧಿಲೇ ಬರೆದಿದೆ. ಅಂದ್ರೆ ಬಜೆಟ್ ಕಟ್ ಆದಾಗ ಎಂಪಿಗಳ ಓಡಾಟ ಕಡಿಮೆ ಮಾಡಿ ಉಳಿಸ್ತೀವಿ ಅನ್ನೋ ಸುಲಭದ ದಾರಿ ಇಲ್ಲಿ ಇಲ್ಲ, ಯಾಕಂದ್ರೆ ಆ ದುಡ್ಡು ಈ ಲೆಕ್ಕದಲ್ಲೇ ಇಲ್ಲ. ಇಲ್ಲಿ ಖರ್ಚು ಅಂದ್ರೆ ಸಿಬ್ಬಂದಿ ಸಂಬಳ, ಅನುವಾದ, ಭಾಷಣಗಳ ತತ್‌ಕ್ಷಣದ ಭಾಷಾಂತರ, ವರದಿ ಮಾಡೋ ಸದಸ್ಯರ ಅಧ್ಯಯನ ಪ್ರವಾಸ, ಚುನಾವಣೆ ವೀಕ್ಷಣೆ ಇಂಥವು. ಎಲ್ಲಾ ಕೆಲಸ ಮಾಡೋದು ಮನುಷ್ಯರೇ, ಕತ್ತರಿ ಹಾಕಿದ್ರೆ ಅವರ ಮೇಲೇ ಬೀಳತ್ತೆ.

ಸದಸ್ಯ ದೇಶಗಳು ತಮ್ಮ ಜನಸಂಖ್ಯೆ ಮತ್ತೆ ಜಿಡಿಪಿ ನೋಡ್ಕೊಂಡು ಪಾಲು ಕಟ್ತವೆ. ನೋಟಿಸ್ ಬಂದ ಮೇಲೆ ಆರು ತಿಂಗಳೊಳಗೆ ಕಟ್ಟಬೇಕು ಅಂತ 39ನೇ ವಿಧಿ ಹೇಳತ್ತೆ. ಕೋರ್ಟು, ಅಸೆಂಬ್ಲಿ, ಬೇರೆ ಬೇರೆ ವಿಭಾಗ ಎಲ್ಲಾ ಸೇರಿ 2017-18ರ ಹೊತ್ತಿಗೆ ಇಡೀ ಕೌನ್ಸಿಲ್ ಬಜೆಟ್ ಸುಮಾರು 45 ಕೋಟಿ ಯೂರೋ ಇತ್ತು, ಅದನ್ನ ಸದಸ್ಯ ದೇಶಗಳ ಜನಸಂಖ್ಯೆಗೆ ಭಾಗಿಸಿದ್ರೆ ವರ್ಷಕ್ಕೆ ತಲೆಗೆ ಒಂದು ಯೂರೋನೂ ಬೀಳಲ್ಲ. ಆ ದುಡ್ಡಿಗೆ ಸಿಗೋದು ಏನು ಅಂದ್ರೆ ಯುರೋಪಿನ ಮಾನವ ಹಕ್ಕುಗಳ ಕೋರ್ಟ್, ಅಂದ್ರೆ ತಾನಿರೋ ಸದಸ್ಯ ದೇಶದ ಸುಪ್ರೀಂ ಕೋರ್ಟಲ್ಲೂ ನ್ಯಾಯ ಸಿಗ್ಲಿಲ್ಲ ಅಂತ ಒಬ್ಬ ಸಾಮಾನ್ಯ ಮನುಷ್ಯ ಅರ್ಜಿ ಹಾಕಬಹುದಾದ ಜಾಗ. ಅಲ್ಲಿನ ಜಡ್ಜುಗಳನ್ನ ಆರಿಸೋದು ಇದೇ ಅಸೆಂಬ್ಲಿ. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಆ ಕೋರ್ಟ್ ಕೇಳಲ್ಲ, ಸದಸ್ಯ ದೇಶದ ಕಾನೂನಿನ ವ್ಯಾಪ್ತಿಲಿ ಇರೋ ಯಾರು ಬೇಕಾದ್ರೂ ಹೋಗಬಹುದು, ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡಿರೋ ನಾವೂ ಹೋಗಬಹುದು. ನನ್ನ ಪ್ರಕಾರ ಯುರೋಪಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಸೇವೆ ಇನ್ನೊಂದು ಇಲ್ಲ.

ಆದ್ರೆ ಒಂದು ದೊಡ್ಡ ಕೊರತೆ ಇದೆ, ಮತ್ತೆ ನನ್ನ ರಿವ್ಯೂ ಪೂರ್ತಿ ಅದರ ಸುತ್ತಲೇ ಇದೆ. ಹೆಸರಿಗೆ ಪಾರ್ಲಿಮೆಂಟರಿ ಅಸೆಂಬ್ಲಿ, ಆದ್ರೆ ಬಜೆಟ್ ಪಾಸ್ ಮಾಡೋ ಅಧಿಕಾರ ಇವರಿಗಿಲ್ಲ. ವಿಧಾನಸೌಧದಲ್ಲಾಗ್ಲಿ ದಿಲ್ಲೀಲಾಗ್ಲಿ ಸದನ ಒಪ್ಪದೆ ಸರ್ಕಾರ ಒಂದು ರೂಪಾಯಿ ಖರ್ಚು ಮಾಡಂಗಿಲ್ಲ, ಇಲ್ಲಿ ಬಜೆಟ್ ಮೇಲೆ ಕೊನೆ ಮಾತು ಕಮಿಟಿ ಆಫ್ ಮಿನಿಸ್ಟರ್ಸ್‌ದು, ಅಂದ್ರೆ ಸದಸ್ಯ ಸರ್ಕಾರಗಳ ವಿದೇಶಾಂಗ ಮಂತ್ರಿಗಳು ಮತ್ತೆ ಅವರ ರಾಯಭಾರಿಗಳದ್ದು. ಅಸೆಂಬ್ಲಿ ಎರಡು ವರ್ಷಕ್ಕೊಂದ್ಸಲ ಬಜೆಟ್ ಬಗ್ಗೆ ಅಭಿಪ್ರಾಯ ಕೊಡತ್ತೆ, ತನ್ನ ಸ್ವಂತ ಖರ್ಚಿನ ಬಗ್ಗೆ ಒಂದು ನಿರ್ಣಯ ಮಾಡತ್ತೆ, ಅಷ್ಟೇ. ಸರ್ಕಾರಗಳು ಕೇಳಿದ್ರೆ ಕೇಳಿದ್ರು, ಇಲ್ಲಾಂದ್ರೆ ಇಲ್ಲ. ಯಾವ ಸರ್ಕಾರದ ತಪ್ಪನ್ನ ಈ ಸದನ ಎತ್ತಿ ತೋರಿಸ್ಬೇಕೋ ಅದೇ ಸರ್ಕಾರದ ಕೈಯಲ್ಲಿ ಇದರ ಥೈಲಿ ಇದೆ, ಇದು ಇದರ ಹುಟ್ಟಿನಿಂದ ಬಂದ ದೋಷ.

ಇದರ ಮೇಲೆ ಇನ್ನೊಂದು ಕಾಟ ಬಂತು. 2014ರ ಸುಮಾರಿಂದ ಸದಸ್ಯ ದೇಶಗಳು ಬಜೆಟ್ ಮೊತ್ತ ಒಂದು ಯೂರೋನೂ ಹೆಚ್ಚು ಮಾಡಲ್ಲ ಅನ್ನೋ ನೀತಿ ಹಿಡ್ಕೊಂಡ್ವು, ಬೆಲೆ ಏರಿಕೆ ಲೆಕ್ಕಕ್ಕೇ ಇಲ್ಲ. ಕೇಳಕ್ಕೆ ಇದು ಕಟ್ ಅಂತ ಅನ್ಸಲ್ಲ ಯಾಕಂದ್ರೆ ಕಾಗದದ ಮೇಲೆ ಹೋದ ವರ್ಷದ ನಂಬರೇ ಇರತ್ತೆ, ಆದ್ರೆ ವರ್ಷಕ್ಕೆ 2% ಬೆಲೆ ಏರಿದ್ರೆ ಆರು ವರ್ಷದಲ್ಲಿ 100 ಯೂರೋದ ಬೆಲೆ ಸುಮಾರು 89 ಆಗಿಬಿಡತ್ತೆ. ಯಾರೂ ಮೀಟಿಂಗ್ ಮಾಡ್ಲಿಲ್ಲ, ಯಾವ ಕೆಲಸ ನಿಲ್ಲಿಸ್ಬೇಕು ಅಂತ ಯಾರೂ ಚರ್ಚೆ ಮಾಡ್ಲಿಲ್ಲ, ಆದ್ರೂ ಹತ್ತರಲ್ಲಿ ಒಂದು ಪಾಲು ಹೋಯ್ತು. ಇಂಥ ಕಟ್ಟನ್ನ ನಾನು ನೇರ ಕಟ್ಟಿಗಿಂತ ಕೆಟ್ಟದ್ದು ಅಂತೀನಿ. ನೇರವಾಗಿ ಕಡಿಮೆ ಮಾಡಿದ್ರೆ ಕೊನೇಪಕ್ಷ ಏನು ಬಿಡ್ತಿದೀವಿ ಅಂತ ಹೇಳೋ ಜವಾಬ್ದಾರಿ ಯಾರದ್ದೋ ಒಬ್ಬರದ್ದು ಇರತ್ತೆ. ಇಲ್ಲಿ ಖಾಲಿಯಾದ ಹುದ್ದೆ ತುಂಬದೆ ಬಿಡೋದು, ಪರ್ಮನೆಂಟ್ ಬದಲು ಟೆಂಪರರಿ ತಗೊಳ್ಳೋದು, ಹಾಗೆ ಒಳಗಿಂದೊಳಗೆ ಸವೆಯೋದು.

ಈಗ ಕಥೆಯ ದೊಡ್ಡ ಭಾಗ. ಕೌನ್ಸಿಲಲ್ಲಿ ದೊಡ್ಡ ಪಾಲು ಕಟ್ಟೋ ದೇಶಗಳು ಐದು ಇದ್ವು, ಫ್ರಾನ್ಸ್, ಜರ್ಮನಿ, ಇಟಲಿ, ಬ್ರಿಟನ್, ರಷ್ಯಾ. 2016ರಲ್ಲಿ ಟರ್ಕಿನೂ ನಾನೂ ಅಷ್ಟೇ ಕಟ್ತೀನಿ ಅಂತ ಸ್ವಂತ ಇಚ್ಛೆಯಿಂದ ಆ ಸಾಲಿಗೆ ಸೇರ್ತು, ಅದರ ಸೀಟು 12ರಿಂದ 18 ಆಯ್ತು, ಸಂಸ್ಥೆಗೆ ವರ್ಷಕ್ಕೆ ಹತ್ತಿರ ಹತ್ತಿರ 2 ಕೋಟಿ ಯೂರೋ ಹೆಚ್ಚಿಗೆ ಬರಕ್ಕೆ ಶುರುವಾಯ್ತು. ಬಂದ ದುಡ್ಡು ಕಾಯಂ ಅನ್ನೋ ಥರ ಅದರ ಮೇಲೆ ಕೆಲಸಗಳನ್ನ ಕಟ್ಟಿದ್ರು. 2017ರ ಅಕ್ಟೋಬರಲ್ಲಿ ಅಸೆಂಬ್ಲಿ ತನ್ನ ವಾಸ್ಲಾವ್ ಹಾವೆಲ್ ಮಾನವ ಹಕ್ಕು ಪ್ರಶಸ್ತಿನ ಟರ್ಕಿ ಜೈಲಲ್ಲಿದ್ದ ನ್ಯಾಯಾಧೀಶ ಮುರಾತ್ ಅರ್ಸ್ಲಾನ್‌ಗೆ ಕೊಡ್ತು, ಅದಾದ ಕೆಲವೇ ವಾರದಲ್ಲಿ ಟರ್ಕಿ ನಾನಿನ್ನು ದೊಡ್ಡ ಪಾಲು ಕಟ್ಟಲ್ಲ ಅಂತು, ಆ 2 ಕೋಟಿ 2018ರಿಂದ ಹೋಯ್ತು.

ಅದಕ್ಕೂ ಮುಂಚೆ, 2017ರ ಜೂನಲ್ಲೇ ಅದಕ್ಕಿಂತ ದೊಡ್ಡ ಏಟು ಬಿದ್ದಿತ್ತು. ಉಕ್ರೇನಿನ ಕ್ರೈಮಿಯಾನ ರಷ್ಯಾ ವಶಪಡಿಸ್ಕೊಂಡಿದ್ದಕ್ಕೆ 2014ರ ಏಪ್ರಿಲಲ್ಲಿ ಅಸೆಂಬ್ಲಿ ರಷ್ಯನ್ ಎಂಪಿಗಳ ಓಟಿನ ಹಕ್ಕು ನಿಲ್ಲಿಸಿತ್ತು, ಅವರು ಬರೋದೇ ಬಿಟ್ಟಿದ್ರು. 2017ರಲ್ಲಿ ಮೂರರಲ್ಲಿ ಒಂದು ಭಾಗ ಕಟ್ಟಿ, ನಮ್ಮ ಹಕ್ಕು ಪೂರ್ತಿ ವಾಪಸ್ ಕೊಡೋ ತನಕ ಉಳಿದಿದ್ದು ಕಟ್ಟಲ್ಲ ಅಂತ ರಷ್ಯಾ ಕೂತುಬಿಡ್ತು. ವರ್ಷಕ್ಕೆ 3 ಕೋಟಿ 30 ಲಕ್ಷ ಯೂರೋ, ಒಟ್ಟು ಬಜೆಟ್ಟಿನ 7% ಹತ್ತಿರ. ಟರ್ಕಿದೂ ಸೇರಿಸಿದ್ರೆ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ ತೂತು. ಬೆಂಗ್ಳೂರಲ್ಲಿ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಡೆಸಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ, ಒಂದೇ ಬಿಲ್ಡಿಂಗಲ್ಲಿ ಏಳೆಂಟು ಫ್ಲಾಟ್ ಇಟ್ಕೊಂಡಿರೋ ಓನರು ಕಮಿಟಿಲಿ ನನ್ನ ಮಾತು ನಡೆಯೋ ತನಕ ಮೇಂಟೆನೆನ್ಸ್ ಕಟ್ಟಲ್ಲ ಅಂದ್ರೆ ಲಿಫ್ಟ್ ನಿಲ್ಸೋದಾ, ಸೆಕ್ಯುರಿಟಿಯೋರನ್ನ ಕಡಿಮೆ ಮಾಡೋದಾ, ಇಲ್ಲಾ ಅವನ ಮಾತೇ ಕೇಳೋದಾ?

ಇಂಥ ಹೊತ್ತಲ್ಲಿ ಬಜೆಟ್ ಮಾಡೋರ ಕೈ ಎಷ್ಟು ಕಟ್ಟಿರತ್ತೆ ಅನ್ನೋದು ಹೊರಗಿನವರಿಗೆ ಕಾಣಲ್ಲ. ಕೋರ್ಟಿನ ದುಡ್ಡು ಮುಟ್ಟಂಗಿಲ್ಲ, ಅಲ್ಲಿ ಹತ್ತಾರು ಸಾವಿರ ಕೇಸ್ ಬಾಕಿ ಇರತ್ತೆ. ಪಿಂಚಣಿ ಮುಟ್ಟಂಗಿಲ್ಲ. ಯುರೋಪಿಯನ್ ಯೂನಿಯನ್ ಮತ್ತೆ ಕೆಲವು ದೇಶಗಳು ಹೆಚ್ಚುವರಿ ದುಡ್ಡು ಕೊಡ್ತವೆ, ನಿಜ, ಆದ್ರೆ ಅದು ಇಂಥದ್ದೇ ದೇಶದಲ್ಲಿ ಇಂಥದ್ದೇ ತರಬೇತಿಗೆ ಅಂತ ಗುರುತು ಹಾಕಿ ಬರೋ ದುಡ್ಡು, ಅದನ್ನ ತೆಗೆದು ಅಸೆಂಬ್ಲಿಯ ಇಂಟರ್ಪ್ರಿಟರ್ ಸಂಬಳಕ್ಕೆ ಹಾಕಕ್ಕಾಗಲ್ಲ. ಇದೇ ಕೌನ್ಸಿಲ್ ಅಡೀಲಿ ಸ್ಟ್ರಾಸ್‌ಬರ್ಗಲ್ಲೇ ಇಡಿಕ್ಯೂಎಂ ಅಂತ ಔಷಧ ಗುಣಮಟ್ಟದ ವಿಭಾಗ ಇದೆ, ಯುರೋಪಿಯನ್ ಫಾರ್ಮಕೋಪಿಯಾ, ಅಂದ್ರೆ ಔಷಧಗಳ ಗುಣಮಟ್ಟ ಹೇಗಿರಬೇಕು ಅಂತ ಹೇಳೋ ಪುಸ್ತಕ, ಮಾಡೋದು ಅವರೇ. ಭಾರತದ ಫಾರ್ಮಾ ಕಂಪನಿಗಳಲ್ಲಿ ಕ್ವಾಲಿಟಿ ಸೆಕ್ಷನ್ನಲ್ಲಿ ಕೆಲಸ ಮಾಡೋರಿಗೆ ಈ ಹೆಸರು ಚೆನ್ನಾಗಿ ಗೊತ್ತಿರತ್ತೆ, ಯುರೋಪಿಗೆ ಔಷಧದ ಕಚ್ಚಾ ಪದಾರ್ಥ ಕಳಿಸೋ ನಮ್ಮ ಕಂಪನಿಗಳು ಆ ಪುಸ್ತಕದ ಗುಣಮಟ್ಟಕ್ಕೆ ತಕ್ಕಂತಿದೆ ಅನ್ನೋ ಸಿಇಪಿ ಸರ್ಟಿಫಿಕೇಟ್ ತಗೊಳ್ಳೋದು, ಹೋಲಿಸಿ ಪರೀಕ್ಷೆ ಮಾಡಕ್ಕೆ ಬೇಕಾದ ರೆಫರೆನ್ಸ್ ಸ್ಟ್ಯಾಂಡರ್ಡ್ ಅನ್ನೋ ಮಾದರಿ ಕೊಳ್ಳೋದು ಅಲ್ಲಿಂದಾನೇ. ಆ ವಿಭಾಗ ಬಹುಪಾಲು ತನ್ನ ಸ್ವಂತ ಆದಾಯದಲ್ಲೇ ನಡೆಯತ್ತೆ. ಆದ್ರೆ ಅದರ ಲೆಕ್ಕ ಬೇರೆ, ಅಸೆಂಬ್ಲಿಗೆ ತೂತು ಬಿದ್ರೆ ಅದರಿಂದ ತೆಗೆದು ತುಂಬಕ್ಕೆ ಬರಲ್ಲ. ಹಾಗಾಗಿ 45 ಕೋಟಿ ಅಂತ ಕಾಣೋದ್ರಲ್ಲಿ ನಿಜವಾಗ್ಲೂ ಕತ್ತರಿ ಆಡೋ ಜಾಗ ತುಂಬಾ ಚಿಕ್ಕದು. ಬಜೆಟ್ಟಲ್ಲಿ 10% ಹೋದ್ರೆ ಎಲ್ಲದರಲ್ಲೂ 10% ಕಡಿಮೆ ಮಾಡಿದ್ರಾಯ್ತು ಅನ್ನೋರು ಇದನ್ನ ಯೋಚ್ನೆ ಮಾಡಬೇಕು, ಮುಟ್ಟಬಹುದಾದ ಭಾಗದ ಮೇಲೆ ಆ ಭಾರ ಎರಡು ಮೂರು ಪಟ್ಟಾಗಿ ಬೀಳತ್ತೆ.

ಹಾಗಿದ್ರೆ ಏನು ಮಾಡಿದ್ರು? ಮೂಲ ಕಾನೂನಿನ 9ನೇ ವಿಧಿ ಪ್ರಕಾರ ದುಡ್ಡು ಕಟ್ಟದ ದೇಶದ ಪ್ರಾತಿನಿಧ್ಯನೇ ನಿಲ್ಲಿಸಬಹುದು, ಎರಡು ವರ್ಷದ ಬಾಕಿ ಆಗೋ ಹೊತ್ತಿಗೆ, ಅಂದ್ರೆ 2019ರ ಮಧ್ಯದಲ್ಲಿ ಆ ಪ್ರಶ್ನೆ ಬರೋದಿತ್ತು. ಆಗ ಸೆಕ್ರೆಟರಿ ಜನರಲ್ ಆಗಿದ್ದ ನಾರ್ವೆಯ ಥೋರ್ಬ್ಯೋರ್ನ್ ಯಾಗ್ಲಾಂಡ್ ರಷ್ಯಾ ಹೊರಗೆ ಹೋದ್ರೆ 14 ಕೋಟಿ ಜನಕ್ಕೆ ಸ್ಟ್ರಾಸ್‌ಬರ್ಗ್ ಕೋರ್ಟಿನ ಬಾಗಿಲು ಮುಚ್ಚತ್ತೆ ಅಂತ ವಾದ ಮಾಡಿದ್ರು. ಇದನ್ನ ನಾನು ಹಗುರವಾಗಿ ತಗೊಳ್ಳಲ್ಲ, ರಷ್ಯಾದ ಒಳಗಿದ್ದ ಮಾನವ ಹಕ್ಕು ಹೋರಾಟಗಾರರಲ್ಲೂ ಹಲವರು ನಮ್ಮನ್ನ ಕೈಬಿಡಬೇಡಿ ಅಂತ ಕೇಳ್ಕೊಂಡಿದ್ರು. 2019ರ ಮೇ ತಿಂಗಳಲ್ಲಿ ಹೆಲ್ಸಿಂಕಿಲಿ ಮಂತ್ರಿಗಳು ಎಲ್ಲಾ ಸದಸ್ಯರಿಗೂ ಸಮಾನ ಹಕ್ಕಿರಬೇಕು ಅಂದ್ರು, ಜೂನಲ್ಲಿ ಅಸೆಂಬ್ಲಿ ತಡರಾತ್ರಿವರೆಗೂ ಚರ್ಚೆ ಮಾಡಿ 118ಕ್ಕೆ 62 ಓಟಲ್ಲಿ ನಿಯಮ ಬದಲಾಯಿಸಿ ರಷ್ಯನ್ನರಿಗೆ ದಾರಿ ಬಿಟ್ಟುಕೊಡ್ತು, ಅದೇ ವಾರ ಹೊಸ ಸೆಕ್ರೆಟರಿ ಜನರಲ್ ಮರಿಯಾ ಪೆಚಿನೊವಿಚ್ ಬುರಿಚ್ ಆಯ್ಕೆನೂ ಆಯ್ತು. ಉಕ್ರೇನಿನ ನಿಯೋಗ ಸಭೆ ಬಿಟ್ಟು ಹೊರಟೋಯ್ತು. ರಷ್ಯಾದ ದುಡ್ಡು ಬಂತು, ಹಳೇ ಬಾಕಿನೂ ತೀರಿತು. ಕ್ರೈಮಿಯಾದಲ್ಲಿ ಏನೂ ಬದಲಾಗಿರಲಿಲ್ಲ.

ಇಲ್ಲಿ ನನಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಕೋರ್ಟಿನ ಬಾಗಿಲು ಮುಚ್ಚತ್ತೆ ಅನ್ನೋ ಯಾಗ್ಲಾಂಡ್ ವಾದ ಸರಿ ಇತ್ತು ಅಂತಾನೇ ಇಟ್ಕೊಳ್ಳೋಣ, ಆದ್ರೂ ಎರಡು ವರ್ಷ ಟೈಮ್ ಇತ್ತಲ್ಲ, ಆ ಎರಡು ವರ್ಷದಲ್ಲಿ ಉಳಿದ 46 ದೇಶಗಳು ಸೇರಿ 3 ಕೋಟಿ ಚಿಲ್ಲರೆ ಯೂರೋ ಹಂಚ್ಕೊಂಡಿದ್ರೆ ಅಸೆಂಬ್ಲಿ ಆ ಪ್ರಶ್ನೆನ ದುಡ್ಡಿನ ಒತ್ತಡ ಇಲ್ದೆ, ಬರೀ ಸರಿ ತಪ್ಪಿನ ಮೇಲೆ ನಿರ್ಧಾರ ಮಾಡಬಹುದಿತ್ತು. ಫ್ರಾನ್ಸ್, ಜರ್ಮನಿ ಥರದ ದೇಶಕ್ಕೆ ಅದು ಎಷ್ಟರ ದುಡ್ಡು? ಅದನ್ನ ಮಾಡದೆ ಸಿಬ್ಬಂದಿಗೆ ಕೆಲಸ ಹೋಗತ್ತೆ ಅನ್ನೋ ಭಯ ಒಂದು ಕಡೆ, ಬಾಕಿ ಬೆಳೀತಿರೋ ಲೆಕ್ಕ ಇನ್ನೊಂದು ಕಡೆ ಇಟ್ಟು ಓಟ್ ಹಾಕಿ ಅಂದ್ರು. ಹಾಗೆ ಹಾಕಿದ ಓಟು ಮನಸ್ಸಾಕ್ಷಿಯಿಂದಲೇ ಬಂದಿದ್ರೂ ನೋಡೋರಿಗೆ ದುಡ್ಡಿಗೆ ಬಗ್ಗಿದ ಹಾಗೇ ಕಾಣತ್ತೆ, ಮಾನವ ಹಕ್ಕಿನ ಸಂಸ್ಥೆಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. 2017ರಿಂದ 2019ರ ಪ್ಲಾನಿಂಗಿಗೆ ನಾನು 5ಕ್ಕೆ 2 ಮಾತ್ರ ಕೊಡ್ತೀನಿ, ಅದರಲ್ಲೂ ಕಡಿಮೆ ಮಾರ್ಕ್ಸ್ ಸರ್ಕಾರಗಳಿಗೆ, ಅಸೆಂಬ್ಲಿ ಸಿಬ್ಬಂದಿಗಲ್ಲ.

2022ರಲ್ಲಿ ಅದೇ ಪರೀಕ್ಷೆ ಮತ್ತೆ ಬಂತು, ಈ ಸಲ ಬೇರೆ ಥರ ಬರೆದ್ರು. ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ಪೂರ್ತಿ ಯುದ್ಧಕ್ಕೆ ಹೋಯ್ತು, ಮಾರನೇ ದಿನವೇ ಅದರ ಪ್ರಾತಿನಿಧ್ಯ ಸಸ್ಪೆಂಡ್ ಆಯ್ತು. ಮಾರ್ಚ್ 15ಕ್ಕೆ ಅಸೆಂಬ್ಲಿಲಿ 216 ಓಟು ರಷ್ಯಾ ಹೊರಗೆ ಹೋಗ್ಬೇಕು ಅಂತ ಬಿತ್ತು, ವಿರುದ್ಧ ಒಂದೂ ಇಲ್ಲ, 3 ಜನ ತಟಸ್ಥ. ಮಾರ್ಚ್ 16ಕ್ಕೆ ಮಂತ್ರಿಗಳ ಸಮಿತಿ ಹೊರಹಾಕಿತು. ಆಮೇಲೆ ಲೆಕ್ಕದ ವಿಷಯ ಬಂದಾಗ ಉಳಿದ 46 ದೇಶಗಳು ರಷ್ಯಾ ಬಿಟ್ಟುಹೋದ ತೂತನ್ನ ತಮ್ಮಲ್ಲೇ ಹಂಚ್ಕೊಂಡು ತುಂಬಕ್ಕೆ ಒಪ್ಪಿದ್ವು. ಮೂರು ವರ್ಷದ ಹಿಂದೆ ಆಗಲ್ಲ ಅಂದಿದ್ದೇ ಈಗ ಆಯ್ತು, ಮೊತ್ತನೂ ಹೆಚ್ಚು ಕಡಿಮೆ ಅಷ್ಟೇ. ಇದಕ್ಕೆ 5ಕ್ಕೆ 4. ಒಂದು ಕಟ್ ಮಾಡಿದ್ದು ಯಾಕಂದ್ರೆ ಇದು ಯುದ್ಧದ ಬಿಸಿಲಿ ಆದ ಒಪ್ಪಂದ, ಮುಂದೆ ಇನ್ಯಾವುದೋ ದೊಡ್ಡ ದೇಶ ಪಾಲು ನಿಲ್ಲಿಸಿದ್ರೆ ತಾನಾಗೇ ಉಳಿದವರು ತುಂಬ್ತಾರೆ ಅನ್ನೋ ನಿಯಮ ಮೂಲ ಕಾನೂನಲ್ಲಿ ಇಲ್ಲ. ರಷ್ಯಾ ಹೊರಗೆ ಹೋದ್ರೂ ಅದರ ಮೇಲಿನ ಕೆಲಸ ಮುಗೀಲಿಲ್ಲ ಅನ್ನೋದನ್ನೂ ನೆನಪಿಟ್ಕೋಬೇಕು, ಕೋರ್ಟಲ್ಲಿ ರಷ್ಯಾ ವಿರುದ್ಧದ ಕೇಸುಗಳೇ ಸಾವಿರಾರು ಬಾಕಿ ಇದ್ವು, 2022ರ ಸೆಪ್ಟೆಂಬರ್ 16ರವರೆಗೆ ನಡೆದ ಘಟನೆಗಳ ಅರ್ಜಿಗಳನ್ನ ಕೋರ್ಟ್ ನೋಡಲೇಬೇಕು. ಅಂದ್ರೆ ದುಡ್ಡು ಕೊಡೋನು ಹೋದ, ಕೆಲಸ ಉಳೀತು.

2023ರ ಮೇನಲ್ಲಿ ರೇಕ್ಯಾವಿಕ್ ಶೃಂಗಸಭೆಲಿ ಉಕ್ರೇನ್ ಹಾನಿಯ ದಾಖಲೆ ಇಡೋ ರಿಜಿಸ್ಟರ್ ಶುರು ಮಾಡಿದ್ರು, ಅದರ ಖರ್ಚನ್ನ ಅದಕ್ಕೆ ಸೇರ್ಕೊಂಡ ದೇಶಗಳೇ ಹಾಕ್ತವೆ. ಈ ಪದ್ಧತಿ ನನಗೆ ಹಿಡಿಸ್ತು, ಹೊಸ ಕೆಲಸ ತಲೆ ಮೇಲೆ ಹಾಕೋವಾಗ ಅದರ ದುಡ್ಡಿನ ದಾರಿನೂ ಜೊತೆಗೇ ಬರತ್ತೆ, ಹಳೇ ಕೆಲಸದ ಅನ್ನ ಕಿತ್ಕೊಳ್ಳಲ್ಲ. ಮತ್ತೆ 2022ರಿಂದ ನಾಲ್ಕು ವರ್ಷದ ಕಾರ್ಯಕ್ರಮ, ಅದರೊಳಗೆ ಎರಡೆರಡು ವರ್ಷದ ಬಜೆಟ್ ಅನ್ನೋ ಪದ್ಧತಿಗೆ ಬಂದ್ರು, ಇದೂ ಒಳ್ಳೇದು, ದೂರ ನೋಡಿ ಪ್ಲಾನ್ ಮಾಡಕ್ಕೆ ಜಾಗ ಸಿಗತ್ತೆ.

ನಮ್ಮ ಭಾರತಕ್ಕೆ ಇದ್ರಲ್ಲಿ ಏನು ಅಂತ ಕೇಳೋರಿಗೆ ಇನ್ನೊಂದು ಸಂಸ್ಥೆ ಇದೆ, ಜಿನೀವಾದ ಇಂಟರ್ ಪಾರ್ಲಿಮೆಂಟರಿ ಯೂನಿಯನ್, 1889ರಲ್ಲಿ ಶುರುವಾಗಿದ್ದು, ಭಾರತದ ಸಂಸತ್ತು ಅದರ ಸದಸ್ಯ, ವಂತಿಗೆ ಕಟ್ಟತ್ತೆ. ಜಿ.ಎಸ್. ಧಿಲ್ಲೋನ್, ನಜ್ಮಾ ಹೆಪ್ತುಲ್ಲಾ ಅದರ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದೋರು. ಅಮೆರಿಕ 1990ರ ದಶಕದ ಕೊನೆಗೆ ವಂತಿಗೆ ತಕರಾರಲ್ಲಿ ಅದರಿಂದ ಹೊರಗೆ ಬಿತ್ತು, ಆದ್ರೂ ಸಂಸ್ಥೆ ನಿಂತಿದೆ. ಅಲ್ಲಿ ಸದಸ್ಯರು ಸರ್ಕಾರಗಳಲ್ಲ, ಪಾರ್ಲಿಮೆಂಟುಗಳೇ, ಬಜೆಟ್ ಒಪ್ಪೋದೂ ಆ ಪಾರ್ಲಿಮೆಂಟುಗಳ ಪ್ರತಿನಿಧಿಗಳು ಕೂರೋ ಗವರ್ನಿಂಗ್ ಕೌನ್ಸಿಲ್. ಸ್ಟ್ರಾಸ್‌ಬರ್ಗಿನ ಅಸೆಂಬ್ಲಿಗಿಂತ ಅದು ತುಂಬಾ ಚಿಕ್ಕ ಕೆಲಸ ಮಾಡತ್ತೆ, ಜಡ್ಜುಗಳನ್ನ ಆರಿಸೋ ಅಧಿಕಾರ ಎಲ್ಲಾ ಇಲ್ಲ, ಆದ್ರೆ ಥೈಲಿ ತನ್ನ ಕೈಯಲ್ಲೇ ಇಟ್ಕೊಂಡಿದೆ. ಸ್ಟ್ರಾಸ್‌ಬರ್ಗಿಗೆ ಅದರಲ್ಲಿ ಅರ್ಧದಷ್ಟಾದ್ರೂ ಹಕ್ಕು ಸಿಗ್ಬೇಕು, ಕೊನೇಪಕ್ಷ ತನ್ನ ಸ್ವಂತ ಖರ್ಚಿನ ಭಾಗವನ್ನ ಅಸೆಂಬ್ಲಿನೇ ಪಾಸ್ ಮಾಡೋ ಅಧಿಕಾರ.

ಓದಬೇಕು ಅನ್ನೋರಿಗೆ ಒಂದು ಸಲಹೆ. ಪೂರ್ತಿ ಬಜೆಟ್ ಪುಸ್ತಕದಿಂದ ಶುರು ಮಾಡ್ಬೇಡಿ, ತುಂಬಾ ದಪ್ಪ, ಟೇಬಲ್ಲುಗಳಲ್ಲೇ ಕಳೆದುಹೋಗ್ತೀರ. ಮೊದಲು ಎರಡು ವರ್ಷಕ್ಕೊಂದ್ಸಲ ಅಸೆಂಬ್ಲಿ ಕೊಡೋ ಬಜೆಟ್ ಅಭಿಪ್ರಾಯ ಓದಿ, ಅದಕ್ಕೆ ಅಂಟಿಸಿರೋ ವಿವರಣೆ ಓದಿ, ಅದರಲ್ಲಿ ಯಾವುದಕ್ಕೆ ದುಡ್ಡು ಸಾಲ್ತಿಲ್ಲ ಅಂತ ನೇರವಾಗಿ ಬರೆದಿರ್ತಾರೆ. ಆಮೇಲೆ ಅದಕ್ಕೆ ಮಂತ್ರಿಗಳ ಸಮಿತಿ ಕೊಟ್ಟ ಉತ್ತರ ಹುಡುಕಿ ಪಕ್ಕದಲ್ಲಿಟ್ಟು ನೋಡಿ, ನಿಮ್ಮ ದೇಶದ ಸರ್ಕಾರ ಯಾವುದಕ್ಕೆ ಹೂಂ ಅಂದಿದೆ ಯಾವುದಕ್ಕೆ ಬಾಯೇ ಬಿಟ್ಟಿಲ್ಲ ಅಂತ ಗೊತ್ತಾಗತ್ತೆ. ಬ್ರಿಟನ್ನಲ್ಲಿ ಓಟಿನ ಹಕ್ಕಿರೋ ಕನ್ನಡದವರು ನಿಮ್ಮ ಎಂಪಿಗೆ ಇದನ್ನ ಕೇಳಿ ಪತ್ರ ಬರೀಬಹುದು. ಬ್ರಿಟನ್ನಿಂದ 18 ಜನ ಸದಸ್ಯರು ಅಲ್ಲಿಗೆ ಹೋಗ್ತಾರೆ, ಹೆಸರುಗಳ ಪಟ್ಟಿ ಅಸೆಂಬ್ಲಿ ವೆಬ್‌ಸೈಟಲ್ಲೇ ಇದೆ.